ಆಕೆಯ ತಾಯಿಯ ಏಕೈಕ ತಮ್ಮ

ತರ್ಕಶಕ್ತಿ ಎಂಬುದು ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ನನಗೆ ಬಂದಿದೆ ಎಂದು ನಾನು ಬಹಳ ವರ್ಷ ನಂಬಿದ್ದೆ. ಕೊಟ್ಟೂರಿನ ನಮ್ಮ ಬೀಜ-ಗೊಬ್ಬರದ ಅಂಗಡಿಯಲ್ಲಿ ಕೂತು, ಬಿ.ಎಸ್ಸಿ. ಓದಿದ ಬುದ್ಧಿಯನ್ನು ಬಂದ ಗಿರಾಕಿಗಳ ಮೇಲೆಲ್ಲ ಪ್ರಯೋಗಿಸುತ್ತಿದ್ದೆ. ಯಾರಾದರೂ ಸೂರ್ಯಕಾಂತಿ ಬೀಜ ಕೇಳಿದರೆ, ಅವರು ಸೂರ್ಯಕಾಂತಿಯನ್ನೇ ಯಾಕೆ ಬಿತ್ತಬೇಕು, ಮೆಕ್ಕೆಜೋಳ ಯಾಕೆ ಬಿತ್ತಬಾರದು ಎಂದು ಮೊದಲಿನಿಂದ ಸಾಧಿಸಿ ತೋರಿಸುತ್ತಿದ್ದೆ. ಸಾಧನೆ ಮುಗಿಯುವಷ್ಟರಲ್ಲಿ ಅವರು ಎದುರಿನ ಅಂಗಡಿಯಲ್ಲಿ ಬೀಜ ಕೊಂಡು ಊರು ಸೇರಿರುತ್ತಿದ್ದರು.

ಆಗ ನಮ್ಮ ಊರಿಗೆ ಕಂಪ್ಯೂಟರ್ ಬಂದ ಹೊಸತು. ಒಂದು ಕೋಣೆಯಲ್ಲಿ ಅದನ್ನು ಬಟ್ಟೆ ಹೊದಿಸಿ ಇಟ್ಟಿದ್ದರು. ಕಲಿಯುವವರು ಚಪ್ಪಲಿ ಹೊರಗೆ ಬಿಟ್ಟು, ಕಾಲು ಒರೆಸಿಕೊಂಡು ಒಳಗೆ ಹೋಗಬೇಕಿತ್ತು. ಪದವಿ ಮುಗಿಸಿದ್ದ ನನ್ನ ಹೆಂಡತಿ ಗಿರಿಜ ಅಲ್ಲಿಗೆ ಕೆಲವು ತಿಂಗಳು ಹೋಗಿ ಬಂದವಳು, ಒಂದು ದಿನ ಊಟಕ್ಕೆ ಬಡಿಸುತ್ತ, ತಾನು ಎಂ.ಸಿ.ಎ. ಓದಬೇಕು, ದಾವಣಗೆರೆಯಲ್ಲಿ ಪ್ರವೇಶ ಪರೀಕ್ಷೆ ಇದೆ, ಬರೆಯುತ್ತೇನೆ ಎಂದಳು.

ಇಲ್ಲಿ ನಮ್ಮ ಸಂಬಂಧವನ್ನು ಸ್ವಲ್ಪ ಹೇಳಬೇಕು. ಗಿರಿಜ ನನ್ನ ಅಕ್ಕನ ಮಗಳು. ಅಂದರೆ ನಾನು ಅವಳಿಗೆ ಸೋದರಮಾವ ಮತ್ತು ಗಂಡ. ನಮ್ಮ ಕಡೆ ಇದು ಹುಬ್ಬೇರಿಸುವ ವಿಷಯವಲ್ಲ. ಅವಳು ಸಮಾಧಾನದಲ್ಲಿದ್ದಾಗ ನನ್ನನ್ನು ‘ರೀ’ ಎನ್ನುತ್ತಾಳೆ, ಸಿಟ್ಟು ಬಂದಾಗ ‘ಮಾಮ’ ಎನ್ನುತ್ತಾಳೆ. ನನ್ನ ಅಪ್ಪ ಅವಳಿಗೆ ಮಾವ ಆಗಬೇಕಾದರೂ ಅದಕ್ಕಿಂತ ಮೊದಲೇ ಅಜ್ಜ ಆಗಿಬಿಟ್ಟಿದ್ದಾನೆ. ಹಾಗಾಗಿ ಮನೆಯಲ್ಲಿ ಅವಳ ಮಾತಿಗೆ ತೂಕ ಹೆಚ್ಚು.

ಆದರೂ ಅಪ್ಪ ಸುಲಭಕ್ಕೆ ಒಪ್ಪಲಿಲ್ಲ. ಮೊಮ್ಮಗಳನ್ನು ಒಬ್ಬಳನ್ನೇ ಆ ದೊಡ್ಡ ಊರಿಗೆ ಹೇಗೆ ಕಳಿಸುವುದು ಎಂದು ಮೀಸೆ ತಿರುವಿದ. ಆಮೇಲೆ ತೀರ್ಪು ಕೊಟ್ಟ:

“ಇಬ್ಬರೂ ಪರೀಕ್ಷಿ ಬರೀರಿ. ಇಬ್ಬರಿಗೂ ಸೀಟು ಸಿಕ್ಕರ ಇಬ್ಬರೂ ಹೋಗ್ರಿ. ಒಬ್ಬರಿಗೆ ಸಿಕ್ಕರ ಯಾರೂ ಬ್ಯಾಡ.”

ಗಿರಿಜ ತಿರುಗಿ ನನ್ನನ್ನು ನೋಡಿದಳು. ಅವಳ ಮುಖ ಸಣ್ಣದಾಯಿತು. ಇಷ್ಟು ಬುದ್ಧಿವಂತ ಗಂಡನಿಗೆ ಇಷ್ಟು ಸಣ್ಣ ಪರೀಕ್ಷೆಯೇ ಎಂದು ನೊಂದುಕೊಂಡಿರಬೇಕು ಎಂದು ನಾನು ತಿಳಿದೆ. ಒಳಗೆ ಹೋದ ಮೇಲೆ ಅವಳು ಮೆಲ್ಲಗೆ, “ಮಾಮ, ನನ್ನ ಓದು ನಿಮ್ಮ ಕೈಯಾಗೈತಿ. ದಯಮಾಡಿ ಹೇಳಿದ್ದು ಕೇಳ್ರಿ” ಎಂದಳು. ನಾನು ಅವಳ ತಲೆ ನೇವರಿಸಿ, ಹೆದರಬೇಡ, ನಾನಿದ್ದೇನೆ ಎಂದು ಅಭಯ ಕೊಟ್ಟೆ. ನಾನು ಇರುವುದೇ ಅವಳ ಹೆದರಿಕೆ ಎಂದು ಆಗ ಹೊಳೆಯಲಿಲ್ಲ.

ದಪ್ಪ ಪುಸ್ತಕ ಬಂತು. ಮೊದಲ ಅಧ್ಯಾಯ ರಕ್ತಸಂಬಂಧ. ಮೊದಲ ಪ್ರಶ್ನೆ: ಫೋಟೋದಲ್ಲಿರುವ ಗಂಡಸನ್ನು ತೋರಿಸಿ ಒಬ್ಬ ಹೆಂಗಸು, ‘ಇವನು ನನ್ನ ತಾಯಿಯ ಏಕೈಕ ತಮ್ಮ’ ಎಂದಳು. ಅವನು ಆಕೆಗೆ ಏನಾಗಬೇಕು? ನಾನು ಕಣ್ಣು ಮಿಟುಕಿಸುವುದರೊಳಗೆ ‘ಗಂಡ’ ಎಂದೆ. ಗಿರಿಜ ಹಿಂದಿನ ಪುಟ ತೆಗೆದು ನೋಡಿದಳು. ಉತ್ತರ ಸೋದರಮಾವ ಎಂದಿತ್ತು.

ಪುಸ್ತಕ ತಪ್ಪು ಎಂದೆ. ನಿನ್ನ ತಾಯಿಯ ಏಕೈಕ ತಮ್ಮ ನಾನು, ನಾನು ನಿನಗೆ ಏನಾಗಬೇಕು ಎಂದು ಸವಾಲು ಹಾಕಿದೆ. ಅವಳು ತಲೆನೋವು ಎಂದಳು. ಅದು ಕೊಟ್ಟ ಆಯ್ಕೆಗಳಲ್ಲಿರಲಿಲ್ಲ. ನಾನು ಬಿಡಲಿಲ್ಲ. ಕೊಟ್ಟ ಆಯ್ಕೆಗಳಲ್ಲಿ ಗಂಡನೂ ಇದ್ದ, ಸೋದರಮಾವನೂ ಇದ್ದ. ಎರಡೂ ಸರಿಯಿದ್ದಾಗ ಹೆಚ್ಚು ಜವಾಬ್ದಾರಿಯ ಹುದ್ದೆಯನ್ನೇ ಆರಿಸಬೇಕು ಎಂಬುದು ನನ್ನ ವಾದ. ನಮ್ಮ ಓಣಿಯ ಮನೆಗಳನ್ನು ಒಂದೊಂದಾಗಿ ಉದಾಹರಿಸಿದೆ. ಎದುರು ಮನೆಯಲ್ಲೂ ಗಂಡ, ಮೂಲೆಮನೆಯಲ್ಲೂ ಗಂಡ.

“ಆ ಪುಸ್ತಕದಾಗಿನ ಮಂದಿ ನಮ್ಮ ಮಂದಿ ಅಲ್ರಿ,” ಎಂದು ಗಿರಿಜ ತಾಳ್ಮೆಯಿಂದ ಹೇಳಿದಳು. “ಅವರು ಎಲ್ಲೋ ಉತ್ತರದ ಕಡಿ ಅದಾರ. ಅಲ್ಲಿ ಮಾಮನ್ನ ಮದುವಿ ಮಾಡ್ಕಳ್ಳಾಂಗಿಲ್ಲ. ನೀವು ನಮ್ಮ ಓಣಿ ಬಿಟ್ಟು ಉತ್ತರ ಬರೀರಿ.”

ತರ್ಕಕ್ಕೆ ಉತ್ತರ ದಕ್ಷಿಣ ಇಲ್ಲ ಎಂದು ಘೋಷಿಸಿ ನಾನು ಮುಂದಿನ ಅಧ್ಯಾಯಕ್ಕೆ ಹೋದೆ.

ಅದು ಆಸನ ವ್ಯವಸ್ಥೆ. ಆರು ಜನ ವೃತ್ತಾಕಾರವಾಗಿ ಕೂತಿದ್ದಾರೆ, ಇವರ ಎದುರು ಅವರು, ಅವರ ಪಕ್ಕ ಇವರಿಲ್ಲ, ಹಾಗಾದರೆ ಯಾರ ಬಲಕ್ಕೆ ಯಾರು? ಕಾಗದದ ಮೇಲೆ ಹಾಕಿದರೆ ತಲೆಗೆ ಹತ್ತಲಿಲ್ಲ. ಮನೆಯಲ್ಲಿ ಸರಿಯಾಗಿ ಆರು ಜನ ಇರುವಾಗ ಕಾಗದ ಯಾಕೆ ಎನಿಸಿತು. ಭಾನುವಾರ ಬೆಳಿಗ್ಗೆ ಪಡಸಾಲೆಯಲ್ಲಿ ಸುಣ್ಣದಿಂದ ದೊಡ್ಡ ಸೊನ್ನೆ ಬರೆದು, ಅಪ್ಪ, ಅವ್ವ, ಚಿಕ್ಕಪ್ಪ, ಚಿಕ್ಕವ್ವ, ಗಿರಿಜ ಎಲ್ಲರನ್ನೂ ಕರೆದೆ.

ಪುಸ್ತಕದ ಪ್ರಕಾರ ಚಿಕ್ಕವ್ವ ಅಪ್ಪನ ಎದುರು ಕೂರಬೇಕು. ಭಾವನ ಎದುರು ಕೂರುವುದೇ? ಅವಳು ಸೆರಗು ಎಳೆದುಕೊಂಡು ಅಡುಗೆಮನೆ ಸೇರಿದಳು. ಅಪ್ಪನನ್ನು ಸ್ವಲ್ಪ ತಿರುಗಿಸೋಣ ಎಂದರೆ ದೇವರಕೋಣೆಗೆ ಬೆನ್ನು ಮಾಡಲಾರೆ ಎಂದ. ಚಿಕ್ಕಪ್ಪನನ್ನು ಅಪ್ಪನ ಪಕ್ಕಕ್ಕೆ ಕೂರಿಸಲು ಹೋದೆ. ಅವರಿಬ್ಬರು ಯಾವುದೋ ಎತ್ತಿನ ವ್ಯಾಪಾರದಿಂದ ಮಾತು ಬಿಟ್ಟವರು, ಪಕ್ಕ ಕೂತರೆ ಸೋತಂತೆ. ಚಿಕ್ಕಪ್ಪ ಎದ್ದು ಹೊರಗಿನ ಕಟ್ಟೆಗೆ ಹೋದ. ಅವ್ವ ಹಾಲು ಉಕ್ಕುತ್ತದೆ ಎಂದು ಓಡಿದಳು. ಕೊನೆಗೆ ಅಪ್ಪ ತನ್ನ ಕುರ್ಚಿಯಲ್ಲಿ, ಹೆಂಗಸರು ಒಳಗೆ, ಚಿಕ್ಕಪ್ಪ ಕಟ್ಟೆಯ ಮೇಲೆ, ನಾನು ಸೊನ್ನೆಯ ನಡುವೆ ನಿಂತಿದ್ದೆ. ಎಲ್ಲ ಷರತ್ತು ಪಾಲಿಸಿದರೆ ಇದೊಂದೇ ವ್ಯವಸ್ಥೆ ಸಾಧ್ಯ, ದಿನಾ ಇರುವುದೂ ಇದೇ ಎಂದು ಗಿರಿಜ ಅಡುಗೆಮನೆಯಿಂದಲೇ ಉತ್ತರ ಹೇಳಿದಳು.

ಸೋಲು ನನ್ನ ಹತ್ತಿರ ಸುಳಿಯಲಿಲ್ಲ. ಮೂರನೆಯದು ದತ್ತಾಂಶ ವಿಶ್ಲೇಷಣೆ, ಅಂದರೆ ಕಂಬಗಳ ನಕ್ಷೆ ನೋಡಿ ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ಹೇಳುವುದು. ಅಭ್ಯಾಸಕ್ಕೆ ನಮ್ಮ ಮನೆಯ ದತ್ತಾಂಶವೇ ಇರಲಿ ಎಂದು, ಒಂದು ವಾರ ಯಾರು ಎಷ್ಟು ರೊಟ್ಟಿ ತಿನ್ನುತ್ತಾರೆ ಎಂದು ಗುಟ್ಟಾಗಿ ಗಮನಿಸಿ, ಬಣ್ಣದ ಪೆನ್ಸಿಲಿನಲ್ಲಿ ನಕ್ಷೆ ಬರೆದು ಪಡಸಾಲೆಯ ಗೋಡೆಗೆ ಅಂಟಿಸಿದೆ. ಬಹಳ ಸುಂದರವಾಗಿತ್ತು. ಚಿಕ್ಕಪ್ಪನ ಕಂಬ ಕಾಗದದಲ್ಲಿ ಹಿಡಿಸದೆ, ಮೇಲೆ ಇನ್ನೊಂದು ಹಾಳೆ ಅಂಟಿಸಬೇಕಾಗಿತ್ತು.

ಅವ್ವ ನೋಡಿ ಎದೆ ಹಿಡಿದುಕೊಂಡಳು. ಉಣ್ಣುವುದನ್ನು ಎಣಿಸಬಾರದು ಎಂದು ಇಷ್ಟು ದೊಡ್ಡವನಿಗೆ ಗೊತ್ತಿಲ್ಲವೇ, ಅದನ್ನು ಗೋಡೆಗೆ ಬೇರೆ ಹಚ್ಚುವುದೇ ಎಂದು ಬೈದಳು. ಸಂಜೆಯ ಹೊತ್ತಿಗೆ ಚಿಕ್ಕಪ್ಪನಿಗೆ ಹೊಟ್ಟೆ ನುಲಿಯತೊಡಗಿತು. ಅವನು ಸಂತೆಯಲ್ಲಿ ಮಿರ್ಚಿ ತಿಂದಿದ್ದ ಎಂಬ ನನ್ನ ವಾದವನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವ್ವ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಅದರ ಹಿಂದೆಯೇ ನನ್ನ ನಕ್ಷೆಯನ್ನೂ ಹಾಕಿದಳು. ಮನೆಯವರೆಲ್ಲ ಕೆಮ್ಮಿದೆವು. ದೃಷ್ಟಿ ತಾಗಿದ್ದರೆ ಘಾಟು ಬರುವುದಿಲ್ಲವಂತೆ; ಬಂದದ್ದರಿಂದ ತಾಗಿರಲಿಲ್ಲ ಎಂದು ಸಾಬೀತಾಯಿತು, ಆದರೂ ನನಗೆ ಯಾರೂ ಕ್ಷಮೆ ಕೇಳಲಿಲ್ಲ.

ಹೀಗೆ ಸಕಲ ವಿದ್ಯೆಯನ್ನೂ ಅರಗಿಸಿಕೊಂಡು ಪರೀಕ್ಷೆಯ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಹೊರಟೆವು. ದಾರಿಯಲ್ಲಿ ನಾನು ಗಿರಿಜಳಿಗೆ ಕೊನೆಯ ಅಧ್ಯಾಯವಾದ ದಿಕ್ಕುಗಳನ್ನು ಬಾಯಿಪಾಠ ಮಾಡಿಸಿದೆ. ಬೆಳಿಗ್ಗೆ ಸೂರ್ಯ ನಮ್ಮ ಎಡಕ್ಕಿದ್ದರೆ ನಾವು ದಕ್ಷಿಣಕ್ಕೆ ಮುಖ ಮಾಡಿದ್ದೇವೆ. ದಾವಣಗೆರೆ ದಕ್ಷಿಣಕ್ಕಿದೆ. ಬಸ್‌ಸ್ಟ್ಯಾಂಡಿನಲ್ಲಿ ನೋಡಿದರೆ ಒಂದು ಬಸ್ಸು ಬಿಸಿಲನ್ನು ಸರಿಯಾಗಿ ಎಡಗಡೆಗೆ ಹಾಕಿಕೊಂಡು ನಿಂತಿದೆ! ಕೂಡಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದೆ.

ಗಿರಿಜ ಬೋರ್ಡು ನೋಡೋಣ ಎಂದಳು. ಬೋರ್ಡು ಇರುವುದು ತರ್ಕ ಬಾರದವರಿಗೆ ಎಂದೆ. ಯಾರನ್ನಾದರೂ ಕೇಳೋಣ ಎಂದಳು. ಟವೆಲ್ ಹಾಕಿದ ಸೀಟು ಬಿಟ್ಟು ಇಳಿದರೆ ಮರ್ಯಾದೆ ಏನಾಗಬೇಕು ಎಂದೆ. ಅಷ್ಟರಲ್ಲಿ ಜನ ನುಗ್ಗಿ ಇಳಿಯಲು ದಾರಿಯೇ ಇಲ್ಲವಾಯಿತು. ಬಸ್ಸು ಹೊರಟಿತು, ಗೇಟು ದಾಟಿತು, ಗರ್ರನೆ ತಿರುಗಿತು. ಸೂರ್ಯ ಬಲಗಡೆಗೆ ಬಂದ. ರಸ್ತೆ ಅಂದಮೇಲೆ ಅಂಕುಡೊಂಕು ಇರುತ್ತದೆ ಎಂದು ನಾನು ಸೂರ್ಯನನ್ನು ಕ್ಷಮಿಸಿದೆ. ಊರು ದಾಟಿದ ಮೇಲೆ ಕಂಡಕ್ಟರ್ ಬಂದು, ಇದು ಉತ್ತರಕ್ಕೆ, ಹಗರಿಬೊಮ್ಮನಹಳ್ಳಿಗೆ ಹೋಗುವ ಬಸ್ಸು ಎಂದ. ಬಸ್ಸು ನಿಂತಾಗ ಯಾವ ಕಡೆ ಮುಖ ಮಾಡಿರುತ್ತದೋ ಆ ಕಡೆಗೇ ಹೋಗಬೇಕೆಂಬ ಕಾನೂನು ಸಾರಿಗೆಯವರಿಗೆ ಇಲ್ಲವಂತೆ.

ನಾನು ಕಂಡಕ್ಟರನಿಗೆ ಅವರ ವ್ಯವಸ್ಥೆಯ ದೋಷವನ್ನು ವಿವರಿಸುತ್ತಿದ್ದಾಗ ಗಿರಿಜ ಹಗ್ಗ ಎಳೆದು ಗಂಟೆ ಬಾರಿಸಿದಳು. ನನ್ನ ಅಂಗಿ ಹಿಡಿದು ಇಳಿಸಿದಳು. ಸುತ್ತ ಹೊಲ, ಒಂದು ಬೇವಿನಮರ, ನಾವಿಬ್ಬರು. ಅವಳು ಕಣ್ಣಲ್ಲಿ ನೀರು ತುಂಬಿಕೊಂಡು ರಸ್ತೆಯ ನಡುವೆ ನಿಂತು ಎರಡೂ ಕೈ ಚಾಚಿದಳು. ದಾವಣಗೆರೆಯ ದಾರಿಯಲ್ಲಿರುವ ಹರಪನಹಳ್ಳಿಗೆ ಹೊರಟಿದ್ದ ಮದುವೆ ದಿಬ್ಬಣದ ಟೆಂಪೊ ಒಂದು ಕಿರ್ರನೆ ನಿಂತಿತು.

ಅವರು ಒಳ್ಳೆಯ ಜನ. ಹತ್ತಿಸಿಕೊಂಡರು, ಮಂಡಕ್ಕಿ ಕೊಟ್ಟರು, ನನ್ನ ತೊಡೆಯ ಮೇಲೆ ಒಂದು ಡೋಲು ಇಟ್ಟರು. ಹುಡುಗಿ ಯಾರು ಎಂದು ಗಿರಿಜ ಸುಮ್ಮನೆ ಮಾತಿಗೆ ಕೇಳಿದಳು. ಹೊರಗಿನವಳಲ್ಲ, ಮದುಮಗನ ಸ್ವಂತ ಅಕ್ಕನ ಮಗಳು ಎಂದರು.

ನಾನು ಡೋಲು ಬಿಟ್ಟು ಎದ್ದು ನಿಂತೆ. ತಲೆ ಟೆಂಪೊದ ಚಾವಣಿಗೆ ಬಡಿಯಿತು. ಲೆಕ್ಕಿಸಲಿಲ್ಲ. ಪರೀಕ್ಷೆಯ ದಿನವೇ ಜೀವಂತ ಸಾಕ್ಷಿ! ಮದುಮಗನ ಭುಜ ಹಿಡಿದು, ಹುಡುಗಿ ನಿನ್ನ ಫೋಟೋ ತೋರಿಸಿ ‘ಇವ ನಮ್ಮವ್ವನ ಒಬ್ಬನೇ ತಮ್ಮ’ ಅಂದರೆ ನೀನು ಅವಳಿಗೆ ಏನಾಗಬೇಕು ಎಂದು ಕೇಳಿದೆ. ಅವನು ಬಾಸಿಂಗದ ಒಳಗೇ ನಾಚಿ ತಲೆ ತಗ್ಗಿಸಿದ.

“ಗಂಡ್ರೀ,” ಎಂದ. ಆಮೇಲೆ ಪ್ರಾಮಾಣಿಕನಾಗಿ, “ಮುಹೂರ್ತ ಆದಮ್ಯಾಲೆ” ಎಂದು ಸೇರಿಸಿದ.

ಟೆಂಪೊ ತುಂಬ ನಕ್ಕರು. ಗಿರಿಜ ಒಬ್ಬಳೇ ಹಣೆ ಒತ್ತಿಕೊಂಡಳು. ಹರಪನಹಳ್ಳಿಯಲ್ಲಿ ಇಳಿದು, ಅವಳೇ ಬೋರ್ಡು ಓದಿ, ಅವಳೇ ಡ್ರೈವರನ್ನು ಕೇಳಿ, ಅವಳೇ ಹಿಂದಿನ ಸೀಟಿನ ಮುದುಕಿಯನ್ನೂ ಕೇಳಿ ಖಾತ್ರಿ ಮಾಡಿಕೊಂಡು ನನ್ನನ್ನು ದಾವಣಗೆರೆಯ ಬಸ್ಸು ಹತ್ತಿಸಿದಳು. ಬಾಗಿಲು ಮುಚ್ಚುವ ಹೊತ್ತಿಗೆ ಪರೀಕ್ಷೆಯ ಕೋಣೆ ಸೇರಿದೆವು. ಒಳಗೆ ಹೋಗುವ ಮೊದಲು, ಓಣಿ ಮರೆತು ಬರೆಯಿರಿ ಎಂದು ಕೈ ಮುಗಿದಳು.

ನಾನು ಓಣಿ ಮರೆಯಲಿಲ್ಲ. ಸಂಬಂಧದ ಪ್ರಶ್ನೆಗಳಿಗೆಲ್ಲ ಕೊಟ್ಟೂರಿನ ಪದ್ಧತಿಯಂತೆ ಉತ್ತರಿಸಿದೆ. ಸಿಕ್ಕಸಿಕ್ಕವರಿಗೆ ಮದುವೆ ಮಾಡಿಸಿದೆ. ತಂದೆಯ ತಂಗಿ ಕಂಡಲ್ಲೆಲ್ಲ ಅತ್ತೆ ಮಾಡಿ, ಅವಳ ಮಗನನ್ನು ಗಂಡ ಮಾಡಿದೆ. ಎಂಟು ಜನ ವೃತ್ತಾಕಾರವಾಗಿ ಕೂರುವ ಪ್ರಶ್ನೆಗೆ ‘ಸಾಧ್ಯವಿಲ್ಲ’ ಎಂದು ಅನುಭವದಿಂದ ಗುರುತು ಹಾಕಿದೆ. ದಿಕ್ಕಿನ ಪ್ರಶ್ನೆಯಲ್ಲಿ ಒಬ್ಬ ಎಡಕ್ಕೆ ತಿರುಗಿ, ಮತ್ತೆ ಎಡಕ್ಕೆ ತಿರುಗಿದ. ನಾನೂ ಅವನ ಜೊತೆ ಕುರ್ಚಿಯಲ್ಲೇ ತಿರುಗಿದೆ. ಹಿಂದಿನವನ ಕಾಗದ ನೋಡುತ್ತಿದ್ದೇನೆಂದು ಮೇಲ್ವಿಚಾರಕರು ನನ್ನನ್ನು ಎಬ್ಬಿಸಿ ಗೋಡೆಗೆ ಮುಖ ಮಾಡಿ ಕೂರಿಸಿದರು. ಅದು ಯಾವ ದಿಕ್ಕಿನ ಗೋಡೆ ಎಂದು ಇಂದಿಗೂ ತಿಳಿಯದು.

ಫಲಿತಾಂಶ ಬಂತು. ಗಿರಿಜಳ ಹೆಸರು ಮೇಲಿನ ಸಾಲಿನಲ್ಲೇ ಇತ್ತು. ನನ್ನ ಹೆಸರನ್ನು ಮೇಲಿಂದ ಹುಡುಕುವುದಕ್ಕಿಂತ ಕೆಳಗಿಂದ ಹುಡುಕುವುದು ಸುಲಭವಾಯಿತು. ನನ್ನ ಕೆಳಗೆ ಇದ್ದವರು ಪರೀಕ್ಷೆಗೆ ಬಾರದವರು ಮಾತ್ರ.

ಮನೆಗೆ ಬಂದ ಮೇಲೆ ಗಿರಿಜ ಸೀದಾ ಒಲೆಯ ಮುಂದೆ ಕೂತು ರೊಟ್ಟಿ ಬಡಿಯತೊಡಗಿದಳು. ಒಂದು ಮಾತು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಆ ಸದ್ದು ಕೇಳಲಾಗದೆ ನಾನು ಪಡಸಾಲೆಗೆ ಬಂದೆ. ಜೀವನದಲ್ಲಿ ಮೊದಲ ಸಲ ನನಗೆ ಯಾವ ವಾದವೂ ಹೊಳೆಯಲಿಲ್ಲ. ಅಪ್ಪನ ಕುರ್ಚಿಯ ಮುಂದೆ ನಿಂತು, “ತಪ್ಪು ನಂದಪ್ಪ. ಅಕಿನ್ನ ಕಳಿಸು” ಎಂದೆ. ಒಳಗೆ ರೊಟ್ಟಿಯ ಸದ್ದು ನಿಂತಿತು.

ಪರೀಕ್ಷೆಯ ದಿನದ ಬಸ್ಸಿನ ಕತೆ ಅಪ್ಪನ ಕಿವಿಗೂ ಬಿದ್ದಿತ್ತು. ಅವನು ಮೆಲ್ಲಗೆ ವಿಚಾರಣೆ ಶುರುಮಾಡಿದ. ತಪ್ಪು ಬಸ್ಸು ಹತ್ತಿಸಿದವರು ಯಾರು? ನಾನು. ಇಳಿಸಿದವರು ಯಾರು? ಅವಳು. ಟೆಂಪೊ ನಿಲ್ಲಿಸಿದವರು ಯಾರು? ಅವಳು. ಆಗ ನಾನೇನು ಮಾಡುತ್ತಿದ್ದೆ? ಬೇವಿನಮರದ ಕೆಳಗಿದ್ದೆ.

“ಅಕಿನ್ನ ಕಾಯಾಕ ಒಬ್ಬರು ಇರ್ಲಿ ಅಂತ ಆ ಮಾತು ಹೇಳಿದ್ದೆ,” ಎಂದ ಅಪ್ಪ. “ನೀ ಜೊತಿಗೆ ಹೋದ್ರ ಅಕಿ ಓದು ಬಿಟ್ಟು ನಿನ್ನ ಕಾಯ್ಬೇಕಾಕ್ಕತಿ. ಒಬ್ಬಾಕೀನ ಹೋಗ್ಲಿ ಬಿಡು. ನೀ ನನ್ನ ಕಣ್ಣ ಮುಂದ ಇರು.”

ನಾನು ಅಡುಗೆಮನೆಗೆ ಹಾರಿದೆ. ಗಿರಿಜ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡು ನಗುತ್ತಿದ್ದಳು, ಮುಖವೆಲ್ಲ ಬೆಳ್ಳಗಾಗಿತ್ತು. ಆ ನಗು ನೋಡಿದ್ದೇ ತಡ, ನನ್ನ ಹಳೆಯ ಧೈರ್ಯ ಮರಳಿ ಬಂತು. ನಾನು ಫೇಲಾದದ್ದರಿಂದಲೇ ನಿನಗೆ ದಾರಿಯಾಯಿತು, ಸೂಕ್ಷ್ಮವಾಗಿ ನೋಡಿದರೆ ನಿನ್ನ ಓದಿಗೆ ಕಾರಣ ನಾನೇ ಎಂದು ಎದೆ ಉಬ್ಬಿಸಿದೆ. ನನ್ನ ವಾದವನ್ನು ಅವಳು ಒಪ್ಪಿದ್ದು ಅದೇ ಮೊದಲು.

“ಖರೇ ಐತ್ರಿ,” ಎಂದಳು ಬಿಸಿ ರೊಟ್ಟಿ ನನ್ನ ತಟ್ಟೆಗೆ ಹಾಕುತ್ತ. “ನೀವು ಬರೇ ಸ್ವಲ್ಪದ್ರಾಗ ಫೇಲಾಗಿದ್ರ ಅಜ್ಜ ಒಪ್ತಿದ್ದಿಲ್ಲ.”