ಹಾಸಿಗೆಗೆ ಮುಟ್ಟದ ಗಾಳಿ

ಭೌತಶಾಸ್ತ್ರ ಕಲಿಸುವವರನ್ನು ಅವರವರ ಮನೆಯವರು ಎಂದೂ ನಂಬುವುದಿಲ್ಲ. ಇದು ನನ್ನೊಬ್ಬನ ದೂರಲ್ಲ, ನನ್ನ ಸಹೋದ್ಯೋಗಿಗಳೆಲ್ಲರ ಅನುಭವ. ಮುದ್ದೇಬಿಹಾಳದ ಕಾಲೇಜಿನಲ್ಲಿ ಮೂವತ್ತು ವರ್ಷ ವಿದ್ಯುತ್ತಿನ ಪಾಠ ಹೇಳಿದ ನನ್ನನ್ನು, ಮನೆಯಲ್ಲಿ ಫ್ಯೂಸು ಹಾರಿದ ದಿನ ನನ್ನ ಹೆಂಡತಿ ಶಾಂತಾ ಕುರ್ಚಿಯಲ್ಲಿ ಕೂಡಿಸಿ, ಕೈಗೆ ಚಹಾ ಕೊಟ್ಟು, ಓಣಿಯ ವೈರಮನ್‌ಗೆ ಫೋನು ಮಾಡುತ್ತಿದ್ದಳು. “ನೀವು ಬೋರ್ಡಿನ ಮ್ಯಾಲ ಬರದ್ರ ಲೈಟ್ ಹತ್ತಂಗಿಲ್ರಿ” ಎನ್ನುತ್ತಿದ್ದಳು. ಆಗೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಈಗ ಬರುವುದಿಲ್ಲ. ಅವಳ ಮಾತು ಎಷ್ಟು ಖರೆ ಎಂಬುದನ್ನು, ಒಂದು ಗಾಡಿಯ ಒಳಗಿನ ತಂಪು ಗಾಳಿಯನ್ನು ಅವಳ ಹಾಸಿಗೆಯ ತನಕ ಮುಟ್ಟಿಸಲಾಗದೆ ನಾನೇ ಸಿದ್ಧ ಮಾಡಿ ತೋರಿಸಿದ್ದೇನೆ.

ಗಾಡಿ ಎಂದರೆ ಹಳೆಯ ಟೆಂಪೋ ಟ್ರಾವೆಲರ್. ಮೊದಲು ಮದುವೆಗೆ ಬೀಗರನ್ನು ಸಾಗಿಸುತ್ತಿತ್ತು; ನಾನು ಕೊಂಡಾಗಲೂ ಸೀಟಿನ ಸಂದಿಯಲ್ಲಿ ಅಕ್ಷತೆ ಕಾಳು ಸಿಕ್ಕವು. ನಿವೃತ್ತಿಯಾದ ಮೇಲೆ ಅದನ್ನು ಮನೆಗಾಡಿ ಮಾಡಿಕೊಂಡು ಇಬ್ಬರೂ ಊರೂರು ಸುತ್ತಬೇಕೆಂದು ನನ್ನ ಆಸೆ. ಓಣಿಯವರು ಬಂದು ನೋಡಿ, “ಸರ್, ಮನಿಗೆ ಗಾಲಿ ಹಚ್ಚೀರಿ, ರೇಷನ್ ಕಾರ್ಡಿನ್ಯಾಗ ಯಾವ ಊರು ಬರಸ್ತೀರಿ?” ಎಂದು ನಕ್ಕರು. ನಾನೂ ನಕ್ಕೆ. ಅಷ್ಟರಲ್ಲಿ ಶಾಂತಾ ಹಾಸಿಗೆ ಹಿಡಿದಳು. ಕಾಯಿಲೆಯ ಹೆಸರು ಬೇಡ. ಡಾಕ್ಟರು ಒಂದು ದಿನ ನನ್ನನ್ನು ಹೊರಗೆ ಕರೆದು, ಇನ್ನು ಔಷಧದ ಕೆಲಸ ಮುಗಿಯಿತು, ಅವರಿಗೆ ಎಲ್ಲಿಗೆ ಹೋಗಬೇಕೆನಿಸುತ್ತದೋ ಕರೆದುಕೊಂಡು ಹೋಗಿ ಎಂದರು. ಎಲ್ಲಿಗೆ ಎಂದು ಕೇಳಿದರೆ ಶಾಂತಾ ಕಾಶಿ ಅನ್ನಲಿಲ್ಲ, ಸಮುದ್ರ ಅನ್ನಲಿಲ್ಲ. “ಮೂರೂ ಮಂದಿ ಅಕ್ಕ-ತಂಗ್ಯಾರ ಮನಿಗೆ ಒಂದೊಂದು ರಾತ್ರಿ ಹೋಗಿ ಬರೂಣ್ರಿ” ಎಂದಳು. ದೊಡ್ಡಕ್ಕ ನೀಲಕ್ಕ ಬಸವನ ಬಾಗೇವಾಡಿಯಲ್ಲಿ, ನಡುವಿನವಳು ಸಿಂದಗಿಯಲ್ಲಿ, ತಂಗಿ ಗಿರಿಜಾ ಇಂಡಿಯಲ್ಲಿ.

ತೊಂದರೆ ಬಿಸಿಲಿನದು. ನಮ್ಮ ಸೀಮೆಯ ಬೇಸಿಗೆ ಗೊತ್ತಲ್ಲ, ಗಟ್ಟಿ ಆಳೂ ಮಧ್ಯಾಹ್ನ ಹೊರಗೆ ಬೀಳುವುದಿಲ್ಲ. ಶಾಂತಾಳಿಗೋ ಆ ಔಷಧಗಳ ದೆಸೆಯಿಂದ ಮೈಯೆಲ್ಲ ಉರಿ. ಸ್ವಲ್ಪ ಸೆಕೆಯಾದರೆ ಉಸಿರು ಸಿಕ್ಕಿದಂತಾಗುತ್ತಿತ್ತು. ಮಳೆಗಾಲದ ತನಕ ಕಾಯೋಣವೆಂದರೆ ಕಾಯುವಷ್ಟು ದಿನ ನಮ್ಮ ಹತ್ತಿರ ಇರಲಿಲ್ಲ. ಹಾಗಾಗಿ ಮೆಕ್ಯಾನಿಕ್ ದಸ್ತಗೀರ ಗಾಡಿಯ ಹಿಂಭಾಗದಲ್ಲಿ ಮಂಚ ಕೂಡಿಸಿ, ಅದರ ಕೆಳಗೇ ಏಸಿಯ ಪೆಟ್ಟಿಗೆ ಇಟ್ಟ. ಮಂಚದ ಬುಡದಲ್ಲಿದ್ದ ಒಂದು ಜಾಲರಿಯಿಂದ ಅದು ಗಾಳಿ ಎಳೆದುಕೊಂಡು ತಂಪು ಮಾಡಿ, ಪೈಪಿನಲ್ಲಿ ಮೇಲೆ ಕಳಿಸಿ, ಮಲಗಿದವರ ಮುಖದ ಮೇಲೆ ಬಿಡುತ್ತಿತ್ತು. ಮುದ್ದೇಬಿಹಾಳ ಬಿಟ್ಟಾಗ ಗಾಳಿ ಎಷ್ಟು ಚೆನ್ನಾಗಿತ್ತೆಂದರೆ ಶಾಂತಾ ಸೆರಗನ್ನು ಕಿವಿಗೆ ಸುತ್ತಿಕೊಂಡಿದ್ದಳು.

ಬಾಗೇವಾಡಿಯಲ್ಲಿ ಒಂದು ರಾತ್ರಿ ಕಳೆದೆವು. ಹೊರಡುವಾಗ ನೀಲಕ್ಕ ತಂಗಿಯನ್ನು ಮಂಚದ ಮೇಲೆಯೇ ಕೂಡಿಸಿ ಉಡಿ ತುಂಬಿದಳು. ಮನೆಗೆ ಬಂದ ಹೆಣ್ಣುಮಗಳನ್ನು ಬರಿ ಉಡಿಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ: ಐದು ಬೊಗಸೆ ಜೋಳ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಮೇಲೊಂದು ಕುಪ್ಪಸದ ಖಣ. ಆದರೆ ನೀಲಕ್ಕ ಐದಕ್ಕೆ ನಿಲ್ಲಿಸಲಿಲ್ಲ. ಬೊಗಸೆಯ ಮೇಲೆ ಬೊಗಸೆ ಹಾಕುತ್ತ ಹೋದಳು. ಉಡಿ ತುಂಬಿ ಚೀಲಕ್ಕೆ ಬಂತು, ಚೀಲ ತುಂಬಿ ಇನ್ನೊಂದು ಗಂಟಾಯಿತು. ಬ್ಯಾಳಿ, ಬೆಲ್ಲ, ಶೇಂಗಾ, ಒಣ ರೊಟ್ಟಿಯ ಒಂದು ಕಟ್ಟು. “ಸಾಕ ಬಿಡಕ್ಕಾ” ಎಂದು ಶಾಂತಾ ಅಂದರೆ ಅವಳು, “ನೀ ಸುಮ್ಮನ ಕೂಡು” ಎಂದು ಮುಖ ಆಚೆ ತಿರುಗಿಸಿದಳು. ಮಾಮೂಲಿಗಿಂತ ಯಾಕೆ ಹೆಚ್ಚು ಎಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಉಡಿಯ ಗಂಟಿಗೆ ಗಂಡಸರು ಕೈ ಹಚ್ಚಬಾರದೆಂದು ಅವರ ತವರಿನ ಕಟ್ಟಳೆ, ಆದ್ದರಿಂದ ನಾನು ಸ್ಟೇರಿಂಗ್ ಹಿಡಿದು ರಸ್ತೆ ನೋಡುತ್ತ ಕೂತೆ. ಹೆಂಗಸರೇ ಅವನ್ನೆಲ್ಲ ಒಳಗೆ ಎಲ್ಲೋ ಹೊಂದಿಸಿಟ್ಟು, ಮಂಚದ ಚಾದರವನ್ನು ನೆಲದ ತನಕ ಇಳಿಬಿಟ್ಟರು.

ಸಿಂದಗಿಯ ದಾರಿ ಅರ್ಧವಾಗುವಷ್ಟರಲ್ಲಿ ಗಾಳಿ ಬಡವಾಯಿತು. ನನಗೆ ಬೇಸರವಾಗಬೇಕಿತ್ತು, ನಾಚಿಕೆ ಬಿಟ್ಟು ಹೇಳುತ್ತೇನೆ, ಒಳಗೊಳಗೇ ಹುರುಪಾಯಿತು. ಕೊನೆಗೂ ನನ್ನ ವಿದ್ಯೆಗೆ ಒಂದು ಕೆಲಸ ಸಿಕ್ಕಿತ್ತು. ಗಾಡಿ ನಿಲ್ಲಿಸಿ ಪೈಪಿನ ಕೀಲುಕೀಲಿಗೂ ಬೆಳ್ಳಿ ಬಣ್ಣದ ಟೇಪು ಸುತ್ತಿದೆ. ಪೈಪು ಡೊಂಕಾದಲ್ಲಿ ಗಾಳಿ ಹೇಗೆ ಸೋಲುತ್ತದೆ, ಒತ್ತಡ ಹೇಗೆ ಇಳಿಯುತ್ತದೆ ಎಂದು ಶಾಂತಾಳಿಗೆ ಪಾಠ ಹೇಳಿದೆ. ಅವಳು ರೊಟ್ಟಿ ಬುಟ್ಟಿಯ ಮುಚ್ಚಳದಿಂದ ಗಾಳಿ ಬೀಸಿಕೊಳ್ಳುತ್ತ, “ಹೌದ್ರಿ, ಹೌದ್ರಿ” ಎನ್ನುತ್ತಿದ್ದಳು. ಮೂವತ್ತು ವರ್ಷದಲ್ಲಿ ಅಷ್ಟು ವಿಧೇಯ ವಿದ್ಯಾರ್ಥಿ ನನಗೆ ಸಿಕ್ಕಿರಲಿಲ್ಲ. ದಸ್ತಗೀರನಿಗೆ ಫೋನು ಮಾಡಿದರೆ ಅವನು ಎರಡೇ ಮಾತು ಹೇಳಿದ: “ಸರ್, ಗಾಳಿ ಹೊರಗ ಬರೂದಷ್ಟ ನೋಡಬ್ಯಾಡ್ರಿ. ಒಳಗ ಹೋಗೂದು ನೋಡ್ರಿ.” ನಾಲ್ಕನೆಯ ಕ್ಲಾಸಿಗೆ ಸಾಲಿ ಬಿಟ್ಟವನು ನನಗೆ ಪಾಠ ಹೇಳುವುದೇ ಎಂದು ನಾನು ಫೋನು ಇಟ್ಟೆ.

ಸಿಂದಗಿಯಲ್ಲೂ ಅದೇ ಕಥೆ. ಉಡಿಗೆ ಉಡಿ, ಚೀಲಕ್ಕೆ ಚೀಲ, ಅದೇ ತಿರುಗಿದ ಮುಖ. ಮರುದಿನ ಆಲಮೇಲ ಸಮೀಪಿಸುವಾಗ ಮೇಲಿನ ಕಿಂಡಿಯ ಮುಂದೆ ಒಂದು ಎಳೆ ದಾರ ಹಿಡಿದರೂ ಅಲುಗದಂತಾಯಿತು. ಕನ್ನಡಿಯಲ್ಲಿ ನೋಡಿದೆ. ಶಾಂತಾ ಕಣ್ಣು ಮುಚ್ಚಿಕೊಂಡಿದ್ದಳು, ಬಾಯಿ ತೆರೆದಿತ್ತು, ಕುತ್ತಿಗೆಯೆಲ್ಲ ಬೆವರು. ನನ್ನ ಹುರುಪು ಅಲ್ಲಿಗೆ ಇಳಿಯಿತು. ಕಬ್ಬಿನ ಹೊಲದ ಪಕ್ಕ ಒಂದು ಬೇವಿನ ಗಿಡದ ನೆರಳಿಗೆ ಗಾಡಿ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟೇ ಹಿಂದೆ ಓಡಿದೆ. ನೆಲಕ್ಕೆ ಕೂತು ಚಾದರ ಎತ್ತಿದರೆ ಜಾಲರಿ ಕಾಣಲೇ ಇಲ್ಲ. ಅದರ ಎದೆಗೆ ಒತ್ತಿಕೊಂಡು ಜೋಳದ ಚೀಲ, ಅದರ ಮೇಲೆ ಬ್ಯಾಳಿ, ಸಂದಿಯಲ್ಲಿ ಬೆಲ್ಲ, ಖಣದಲ್ಲಿ ಕಟ್ಟಿದ ಉಡಿಯ ಗಂಟು. ಗಾಳಿ ಎಳೆದುಕೊಳ್ಳಲು ಬೊಟ್ಟಿನಷ್ಟೂ ಜಾಗವಿರಲಿಲ್ಲ.

“ಇಲ್ಲಿ ನೋಡ ಶಾಂತಾ, ಜಾಲರೀನ ಮುಚ್ಚಿಬಿಟ್ಟಾರ!” ಎಂದೆ.

ಅವಳು ಕಣ್ಣು ತೆರೆಯದೆ, “ಗೊತ್ತೈತ್ರಿ” ಎಂದಳು.

“ಗೊತ್ತೈತಿ? ಯಾವಾಗಿಂದ?”

“ಬಾಗೇವಾಡ್ಯಾಗ ನೀಲಕ್ಕ ಇಡೂಮುಂದ ನೋಡಿದ್ನಲ್ರಿ.”

“ಮತ್ತ ಎರಡು ದಿನದಿಂದ ನಾ ಟೇಪ್ ಸುತ್ತಾಕತ್ತೇನಿ, ನೀ ಬೇಯಾಕತ್ತಿ! ಒಂದ ಮಾತು ಹೇಳಬಾರದ?”

“ಹೇಳಿದ್ರ ನೀವು ಅವನ್ನೆಲ್ಲ ತಗದು ಗಾಡಿ ಟಪ್ಪಿನ ಮ್ಯಾಲ ಕಟ್ಟತಿದ್ರಿ. ಬಿಸಲಾಗ.” ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡಳು. “ಇನ್ನ ಯಾರು ನನಗ ಉಡಿ ತುಂಬತಾರ್ರಿ? ಮೈಗೆ ಹತ್ತಿಕೊಂಡು ಇರ್ಲಿ ಅಂದ್ನಿ.”

ನಾನು ಅಲ್ಲೇ ಕೂತು ಅತ್ತೆ. ಏಸಿಯ ಪೆಟ್ಟಿಗೆಯ ಮುಂದೆ ಮೊಣಕಾಲೂರಿ ಅತ್ತವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಆಮೇಲೆ ಕಟ್ಟಳೆ ಮುರಿದು ಗಂಟುಗಳನ್ನು ಒಂದೊಂದಾಗಿ ಎಳೆದು, ಮಂಚದ ಮೇಲೆ, ಅವಳ ಎರಡೂ ಮಗ್ಗುಲಿಗೆ ಜೋಡಿಸಿದೆ. ಕಾಲ ಬಳಿ ಬೆಲ್ಲ, ಸೊಂಟಕ್ಕೆ ಜೋಳ, ತೋಳಿನ ಕೆಳಗೆ ಉಡಿಯ ಗಂಟುಗಳು. ಮೇಲಿನಿಂದ ಗಾಳಿ ರಪರಪ ಸುರಿಯತೊಡಗಿತು. ಅವಳ ಹಣೆಯ ಕೂದಲು ಹಾರಿತು. “ಹಿಂಗ ಬಾಜಾರಕ್ಕ ಕಳಸಾಕತ್ತೀರೇನು ನನ್ನ?” ಎಂದು ನಕ್ಕಳು. ಇಂಡಿ ಮುಟ್ಟುವ ತನಕ ನಿದ್ದೆ ಮಾಡಿದಳು. ಅಲ್ಲಿ ಗಿರಿಜಾ ತುಂಬಿದ ಉಡಿಗೆ ಮಂಚದ ಮೇಲೆ ಜಾಗ ಸಾಲದೆ, ಅದನ್ನು ಶಾಂತಾ ನಮ್ಮೂರು ಮುಟ್ಟುವ ತನಕ ಎದೆಯ ಮೇಲೇ ಇಟ್ಟುಕೊಂಡು ಬಂದಳು.

ಮುಂಗಾರು ಬೀಳುವ ಮೊದಲೇ ಶಾಂತಾ ಹೋದಳು. ಆ ಜೋಳ ಬೀಸಿಸಿ ತಾನೇ ರೊಟ್ಟಿ ಬಡಿಯುತ್ತೇನೆ ಎಂದಿದ್ದಳು, ಆಗಲಿಲ್ಲ. ಗಂಟುಗಳು ಅಡಿಗೆಮನೆಯ ಮೂಲೆಯಲ್ಲಿವೆ. ಇಷ್ಟು ದಿನಕ್ಕೆ ಜೋಳಕ್ಕೆ ಹುಳ ಬಿದ್ದಿರುತ್ತದೆ; ಅಷ್ಟು ವಿಜ್ಞಾನ ನನಗೆ ಗೊತ್ತು. ಆದರೂ ಬಿಚ್ಚಿಲ್ಲ.

ಈಚೆಗೆ ಮನೆಗಾಡಿ ಇಟ್ಟುಕೊಂಡವರದೊಂದು ವಾಟ್ಸಾಪ್ ಗುಂಪಿಗೆ ನನ್ನನ್ನು ಸೇರಿಸಿದ್ದಾರೆ. ಅಲ್ಲಿ ನನಗೆ ಭಾರಿ ಮರ್ಯಾದೆ. ಯಾರ ಗಾಡಿಯಲ್ಲಿ ಏಸಿ ಗಾಳಿ ಕಡಿಮೆಯಾದರೂ “ಸರ್‌ನ ಕೇಳ್ರಿ” ಎನ್ನುತ್ತಾರೆ. ನಾನೂ ಗಂಭೀರವಾಗಿ ಬರೆಯುತ್ತೇನೆ: ಪೈಪಿನ ತಂಟೆಗೆ ಹೋಗಬೇಡಿ, ಮೊದಲು ಒಳಗೆ ಗಾಳಿ ಎಳೆಯುವ ಜಾಲರಿ ನೋಡಿ. ಮೊನ್ನೆ ಒಬ್ಬರು ಸುಮ್ಮನಿರದೆ, “ನಿಮ್ಮ ಗಾಡ್ಯಾಗ ಜಾಲರಿಗೆ ಅಡ್ಡ ಏನ್ ಬಂದಿತ್ರಿ ಸರ್?” ಎಂದು ಕೇಳಿದರು. ಉತ್ತರ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಕೊನೆಗೆ “ಒಂದಿಷ್ಟು ಸಾಮಾನು” ಎಂದು ಕಳಿಸಿದೆ. ಇಂಥ ಅರೆಬರೆ ಉತ್ತರ ಬರೆದ ಎಷ್ಟೋ ಮಕ್ಕಳನ್ನು ನಾನು ಒಂದಂಕವನ್ನೂ ಕೊಡದೆ ಮನೆಗೆ ಕಳಿಸಿದ್ದೇನೆ.