ಭಾವನ ಪಾದ ನೋಯಲೇ ಇಲ್ಲ

ನೋವಿನ ವಿಷಯದಲ್ಲಿ ನಾನು ಶುದ್ಧ ಪುಕ್ಕಲು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಬಾಗಿಲ ಸಂದಿಗೆ ನನ್ನ ಬೆರಳು ಸಿಕ್ಕಿದರೆ ನಮ್ಮ ಮನೆಯವರಿಗಿಂತ ಮೊದಲು ಎದುರುಮನೆಯವರು ಓಡಿಬರುತ್ತಾರೆ. ಗಡ್ಡ ಹೆರೆಯುವಾಗ ಗದ್ದ ಕೊಯ್ದುಕೊಂಡ ದಿನ ನಂಜನಗೂಡಿನ ನಮ್ಮ ಆಫೀಸಿಗೆ ರಜೆ ಹಾಕಿದ್ದೂ ಉಂಟು. ಇಂಥವನಿಗೆ ದೇವರು ಹುಲ್ಲಹಳ್ಳಿಯ ಮಾದಪ್ಪನವರನ್ನು ಭಾವನಾಗಿ ಕೊಟ್ಟ. ನನ್ನ ಅಕ್ಕನ ಗಂಡ. ನಾಲೆ ಬಯಲಿನ ಗದ್ದೆಯಲ್ಲಿ ಬರಿಗಾಲಲ್ಲೇ ಓಡಾಡುವ ಮನುಷ್ಯ. ಅಂಗಾಲಿಗೆ ಹೊಕ್ಕ ಜಾಲಿಮುಳ್ಳನ್ನು ಮಾತಿನ ನಡುವೆಯೇ ಕಿತ್ತೆಸೆದು ಮಾತು ಮುಂದುವರಿಸುತ್ತಿದ್ದರು. "ನೋಡ್ಲಾ ನಾಗರಾಜ, ಗಂಡ್ಸು ಅಂದ್ರೆ ಇಂಗಿರ್ಬೇಕು" ಎಂದು ಅಕ್ಕನ ಮುಂದೆಯೇ ನನಗೆ ಬುದ್ಧಿ ಹೇಳುತ್ತಿದ್ದರು. ಅಕ್ಕ ನನ್ನನ್ನು ಕನಿಕರದಿಂದ ನೋಡುತ್ತಿದ್ದಳು.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಟಿ. ನರಸೀಪುರದಲ್ಲಿ ನೆಂಟರ ಮನೆಯ ಗೃಹಪ್ರವೇಶ. ಭಾವ ಮತ್ತು ನಾನು ನಂಜನಗೂಡಿನಲ್ಲಿ ಬಸ್ಸು ಹತ್ತಿದೆವು. ಸೀಟು ಸಿಕ್ಕಿದ್ದು ಡ್ರೈವರ್ ಪಕ್ಕ, ಎಂಜಿನ್ನಿನ ಮುಚ್ಚಳಕ್ಕೆ ಅಂಟಿಕೊಂಡಂತೆ. ಆ ಮುಚ್ಚಳಕ್ಕೆ ಹಾಸಿದ್ದ ರೆಕ್ಸಿನ್ ಅಲ್ಲಲ್ಲಿ ಹರಿದು ತಗಡು ಕಾಣುತ್ತಿತ್ತು. ಬಸ್ಸು ಹಳ್ಳಕ್ಕೆ ಇಳಿದಾಗ ನನ್ನ ಮೊಣಕಾಲು ಆ ತಗಡಿಗೆ ತಗುಲಿತು. ಸುಟ್ಟಿತು ಅನ್ನುವುದು ನನಗೆ ತಿಳಿಯುವ ಮೊದಲೇ ಕಾಲು ಹಿಂದಕ್ಕೆ ಹಾರಿ ಪಕ್ಕದ ಹೆಂಗಸಿನ ಬದನೆಕಾಯಿ ಕುಕ್ಕೆಯನ್ನು ಒದ್ದಾಗಿತ್ತು. ಆಕೆ ಬೈದಳು. ಡ್ರೈವರ್ ನಕ್ಕ. ಭಾವನಂತೂ ಹೊಟ್ಟೆ ಹಿಡಿದುಕೊಂಡು ನಕ್ಕು, ಚಪ್ಪಲಿ ಕಳಚಿ, ಅದೇ ಮುಚ್ಚಳದ ಮೇಲೆ ಆರಾಮಾಗಿ ಪಾದ ಊರಿ ನಿದ್ದೆ ಹೋದರು.

ನರಸೀಪುರದಲ್ಲಿ ಇಳಿಯುವಾಗ ಭಾವನ ಬಲಗಾಲಿಗೆ ಚಪ್ಪಲಿ ಹೋಗಲಿಲ್ಲ. ಬಗ್ಗಿ ನೋಡಿದೆ. ಹೆಬ್ಬೆರಳಿನ ಬುಡದಲ್ಲಿ ನಿಂಬೆಹಣ್ಣಿನಷ್ಟು ಬೊಕ್ಕೆ ಎದ್ದಿತ್ತು.

"ಭಾವ, ಕಾಲು ಸುಟ್ಟಿದೆ! ನೋಯ್ತಿಲ್ವಾ?"

"ಏನೂ ಇಲ್ಲ ಕಣ್ ಬುಡ್ಲಾ. ಒಬ್ಬಟ್ಟು ಆರೋಯ್ತದೆ, ನಡಿ."

ಅವರಿಗೆ ಒಬ್ಬಟ್ಟಿನ ಚಿಂತೆ, ನನಗೆ ಕಾಲಿನ ಚಿಂತೆ. ಹೆಚ್ಚುಕಡಿಮೆ ಎಳೆದುಕೊಂಡೇ ಹತ್ತಿರದ ನರ್ಸಿಂಗ್ ಹೋಮಿಗೆ ಕರೆದೊಯ್ದೆ. ಅಲ್ಲಿದ್ದ ಲೇಡಿ ಡಾಕ್ಟರ್ ಭಾವನಿಗೆ ಕಣ್ಣು ಮುಚ್ಚಲು ಹೇಳಿ, ಅಂಗಾಲಿಗೆ ಪಿನ್ನಿನ ಮೊನೆ ಒತ್ತಿದರು. ನಾನು ಮುಖ ತಿರುಗಿಸಿದೆ. ಕಣ್ಣು ಮುಚ್ಚಿಕೊಂಡೇ ಭಾವ, "ಚುಚ್ಚಿ ಡಾಕ್ಟ್ರೇ, ಯಾಕ್ ತಡ? ನಾನೇನ್ ಇವನಂಗೆ ಎದರಾಕಿಲ್ಲ" ಎಂದರು.

ಡಾಕ್ಟರ್ ಆಗಲೇ ಚುಚ್ಚಿ ಮುಗಿಸಿದ್ದರು.

ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆ ಗೊತ್ತಾಯಿತು. ಡಾಕ್ಟರ್ ತಾಳ್ಮೆಯಿಂದ ಹೇಳಿದರು. "ಚರ್ಮದಲ್ಲಿ ನೋವಿನ ನರಗಳ ತುದಿ ಹರಡಿಕೊಂಡಿರುತ್ತೆ. ಬಿಸಿ ತಗುಲಿದ ಸುದ್ದಿ ಅಲ್ಲಿಂದ ಬೆನ್ನುಹುರಿಗೆ ಹೋಗುತ್ತೆ. ಮಿದುಳಿಗೆ ಗೊತ್ತಾಗೋ ಮುಂಚೆನೇ ಬೆನ್ನುಹುರಿ ಕಾಲನ್ನ ಎಳೆದುಬಿಡುತ್ತೆ. ಅಷ್ಟೇ ಅಲ್ಲ, ಪೆಟ್ಟಾದ ಜಾಗದಲ್ಲಿ ಆ ನರಗಳೇ ಒಂದಿಷ್ಟು ರಾಸಾಯನಿಕ ಬಿಡುತ್ತವೆ. ಆಗ ಅಲ್ಲಿಗೆ ರಕ್ತ ಜಾಸ್ತಿ ಹರಿದು, ಕೆಂಪಾಗಿ ಊದಿ, ಗಾಯ ಮಾಯೋ ಕೆಲಸ ಶುರುವಾಗುತ್ತೆ. ಇವರ ಪಾದದಲ್ಲಿ ಆ ನರಗಳೇ ಸೊರಗಿವೆ. ಗಾಯ ಮೂಳೆಗೆ ಇಳಿದರೆ ಬೆರಳು ತೆಗೀಬೇಕಾಗುತ್ತೆ."

ಇಷ್ಟು ವರ್ಷ ನಾವೆಲ್ಲ ಧೈರ್ಯ ಎಂದು ಹೊಗಳಿದ್ದು ಕಾಯಿಲೆಯನ್ನು! ಭಾವನ ಮುಖ ಮೊದಲ ಬಾರಿ ಸಣ್ಣಗಾಯಿತು. "ಗದ್ದೆ ಕೆಲ್ಸ ಎಂಗವ್ವ?" ಎಂದು ಮೆಲ್ಲಗೆ ಕೇಳಿದರು. ಅಲ್ಲೇ ಅಡ್ಮಿಟ್ ಆದರು. ಅಕ್ಕನಿಗೆ ಫೋನ್ ಮಾಡಿ, ಅವಳು ಬಂದ ಮೇಲೆ ನಾನು ನಂಜನಗೂಡಿಗೆ ಮರಳಿದೆ. ಬಸ್ಸಿನಲ್ಲಿ ನನ್ನ ಪಾದಗಳೂ ಜೋಮು ಹಿಡಿದಂತೆ ಅನ್ನಿಸತೊಡಗಿತು. ಮನೆಗೆ ಬಂದವನೇ ಹೆಂಡತಿಯ ಹೊಲಿಗೆ ಡಬ್ಬಿಯಿಂದ ಸೂಜಿ ತೆಗೆದು ಅಂಗಾಲಿಗೆ ಚುಚ್ಚಿಕೊಂಡು ಕಿರುಚಿದೆ.

"ಏನ್ರೀ ಆಯ್ತು?" ಎಂದು ಅವಳು ಓಡಿಬಂದಳು.

"ನೋಯ್ತು ಕಣೇ! ದೇವರು ದೊಡ್ಡೋನು!"

ಅವಳು ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು.

ಆ ವಾರದ ಕೊನೆಗೆ ಭಾವನ ಗಾಯ ಕಪ್ಪಾಯಿತು. ನಾನು ಮತ್ತೆ ನರಸೀಪುರಕ್ಕೆ ಓಡಿದೆ. ಸತ್ತ ಮಾಂಸ ಕತ್ತರಿಸಿ ತೆಗೆಯಬೇಕು, ಬೆರಳಿನ ವಿಷಯ ಆಗಲೇ ಗೊತ್ತಾಗುವುದು ಎಂದರು ಡಾಕ್ಟರ್. ಅಕ್ಕ ನನ್ನ ಕೈ ಹಿಡಿದು, "ನೀನೇ ಜೊತೇಲಿರಪ್ಪ, ನನ್ ಕೈಲಾಗಲ್ಲ" ಎಂದಳು. ನನ್ನ ಕೈಯಲ್ಲೂ ಆಗುವುದಿಲ್ಲ ಎನ್ನಲು ನಾಚಿಕೆಯಾಗಿ ಒಳಗೆ ಹೋದೆ. ಭಾವನ ಹಣೆಯಲ್ಲಿ ಬೆವರು. ಸತ್ತ ಮಾಂಸಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಬೇಕಿಲ್ಲ ಎಂದು ಡಾಕ್ಟರ್ ಸ್ವಲ್ಪ ಸ್ವಲ್ಪವಾಗಿ ಕತ್ತರಿಸುತ್ತಾ ಹೋದರು. ಭಾವ ಏನೂ ಅನ್ನಲಿಲ್ಲ. ಅವರ ಆ ಮೌನವೇ ನನಗೆ ಭಯ ಹುಟ್ಟಿಸಿತು. ಕೂಗಿ ಭಾವ, ಒಂದು ಸಲ ಕೂಗಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಅವ್ವಾ!" ಇಡೀ ನರ್ಸಿಂಗ್ ಹೋಮ್ ನಡುಗುವಂತೆ ಭಾವ ಕೂಗಿದರು. "ಉರೀತದೆ, ಅಯ್ಯೋ, ಉರೀತದೆ ಕಣ್ರವ್ವಾ!"

ಡಾಕ್ಟರ್ ಮುಖ ಅರಳಿತು. "ಇಲ್ಲಿಂದ ಆಚೆಗೆ ಜೀವ ಇದೆ. ರಕ್ತನೂ ಚೆನ್ನಾಗಿ ಬರ್ತಿದೆ, ನೋಡಿ. ಬೆರಳು ಉಳಿಯುತ್ತೆ."

ನೋಡಿ ಎಂದರಲ್ಲ, ನೋಡಿದೆ. ಅಷ್ಟೇ ನೆನಪು. ಕಣ್ಣು ಬಿಟ್ಟಾಗ ಭಾವನ ಮಂಚದ ಮೇಲೆ ನಾನು ಮಲಗಿದ್ದೆ. ಕಟ್ಟು ಹಾಕಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕುರ್ಚಿಯಲ್ಲಿ ಕೂತ ಭಾವ, ಟವೆಲ್ಲಿನಿಂದ ನನಗೆ ಗಾಳಿ ಹಾಕುತ್ತಿದ್ದರು. ಪಾಳಿ ಬದಲಾಗಿ ಆಗಷ್ಟೇ ಬಂದ ನರ್ಸ್ ಇಂಜೆಕ್ಷನ್ ಹಿಡಿದು, "ಇಲ್ಲಿ ಪೇಷಂಟ್ ಯಾರು?" ಎಂದು ಕೇಳಿದಳು. ಅಕ್ಕ ಒಂದು ಕ್ಷಣವೂ ಯೋಚಿಸದೆ ನನ್ನ ಕಡೆ ಬೆರಳು ತೋರಿಸಿದಳು.