ಜಗಲಿಗೊಂದು ಸೂರು

ನಮ್ಮ ಮನೆಯಲ್ಲಿ ಒಂದನ್ನು ಮುಚ್ಚಲು ಹೋದರೆ ಇನ್ನೊಂದು ಬಯಲಾಗುವುದು ಯಾವಾಗಲೂ ಇದ್ದದ್ದೇ. ಆದರೂ ಯುದ್ಧದ ಕಾಲದಲ್ಲಿ ಜಗಲಿಗೆ ಸೂರು ಹಾಕಲು ಹೊರಟ ವರ್ಷ ಬೀದಿಯವರು ನಕ್ಕಷ್ಟು ಇನ್ಯಾವತ್ತೂ ನಕ್ಕಿಲ್ಲ.

ಮುಳಬಾಗಿಲಿನಲ್ಲಿ ನಮ್ಮದು ಚಿಕ್ಕ ಮನೆ. ಒಳಗೆ ಒಲೆಯ ಹೊಗೆ, ಹೊರಗೆ ಉದ್ದದ ಜಗಲಿ, ಅದರ ಮೇಲೆ ಬರೀ ಆಕಾಶ. ಬೈರಕೂರಿನಿಂದ ಗಂಡಿನ ಕಡೆಯವರು ನನ್ನ ತಂಗಿಯನ್ನು ನೋಡಲು ಬರುತ್ತಾರೆಂದು ಸೋದರಮಾವ ಸುದ್ದಿ ತಂದಾಗ ಅಪ್ಪ, "ಬೀಗರಾಗೋರನ್ನ ಬಿಸಿಲಲ್ಲಿ ಕೂರಿಸೋಕಾಗುತ್ತಾ? ಮೊದಲು ಸೂರು" ಎಂದು ಹಟ ಹಿಡಿದರು. ತಂಗಿ ಆ ಹುಡುಗನನ್ನು ನೆಂಟರ ಮದುವೆಯಲ್ಲಿ ಕಂಡು ಮೆಚ್ಚಿದ್ದಳು. ಸೂರು ಬೇಗ ಆಗಲೆಂದು ಅವಳು ಹರಕೆ ಹೊರದ ದೇವರಿಲ್ಲ.

ಹುಲ್ಲು

"ಹುಲ್ಲಿನಷ್ಟು ತಂಪು ಯಾವುದಿದೆ?" ಎಂದರು ಸೋದರಮಾವ. ಹೊದಿಸಿದ್ದಾಯಿತು. ಆದರೆ ಸೂರು ತಗ್ಗು. ಸಂಜೆ ಮೇದು ಬರುವ ದನಗಳು ಒಂದೊಂದು ಬಾಯಿ ಎಳೆದುಕೊಂಡೇ ಮುಂದೆ ಹೋಗುತ್ತಿದ್ದವು. ಕೆಲವೇ ದಿನಗಳಲ್ಲಿ ಗಳ ಮಾತ್ರ ಉಳಿದವು. ಅಪ್ಪ ತಲೆಯ ಮೇಲೆ ಕೈಹೊತ್ತು ಕೂತರೆ, ಅಜ್ಜಿ ಮಂಕರಿ ಹಿಡಿದು ದನಗಳ ಹಿಂದೆ ಹೊರಟಳು.

"ಎಲ್ಲಿಗಮ್ಮಾ?"

"ಸಗಣಿ ಎತ್ತೋಕೆ ಕಣೋ. ನಮ್ಮ ಸೂರಲ್ವಾ, ಬೆರಣಿ ಬೇರೆಯೋರು ಯಾಕೆ ತಟ್ಟಬೇಕು?"

ತಗಡು

ಮುಂದೆ ತಗಡು. ಯುದ್ಧದಿಂದಾಗಿ ಹೊಸದು ಸಿಗಲಿಲ್ಲ, ಸೀಮೆಎಣ್ಣೆ ಡಬ್ಬಗಳನ್ನೇ ಬಿಡಿಸಿ ಬಡಿದು ಹೊದಿಸಿದೆವು. ಬಿಸಿಲಿಗೆ ಅದು ಕಾದ ಕಾವಲಿಯಾಯಿತು. ಅಜ್ಜಿಗೆ ಮಹಾ ಸಂತೋಷ. ಬೀದಿಯ ಹೆಂಗಸರೆಲ್ಲ ಏಣಿ ಹಾಕಿಕೊಂಡು ಅದರ ಮೇಲೆ ಸಂಡಿಗೆ ಒಣಹಾಕಿದರು. ಸಂಡಿಗೆಗೆ ಕೋತಿಗಳು ಬಂದವು, ಕೋತಿಗಳಿಗೆ ಕೋಲುಗಳು ಬಂದವು. ಆ ಬಡಿದಾಟದಲ್ಲಿ ಕೋತಿಗೆ ಒಂದೇಟೂ ಬೀಳಲಿಲ್ಲ, ಎಲ್ಲವೂ ತಗಡಿಗೇ ಬಿದ್ದವು. ಮೂಲೆಯೊಂದು ಕಿತ್ತು ಅಪ್ಪನ ಪಕ್ಕದಲ್ಲೇ ಬಿತ್ತು.

"ನೀವು ಹೀಗೇ ಮುಂದೂಡ್ತಾ ಇದ್ರೆ ಬೇರೆ ಕಡೆ ನೋಡ್ತೀವಿ ಅಂತಿದಾರೆ ಬೈರಕೂರಿನೋರು, ಭಾವ" ಎಂದು ಸೋದರಮಾವ ಎಚ್ಚರಿಸಿದರು. ತಂಗಿಯ ಕಣ್ಣಲ್ಲಿ ನೀರು. ಅಜ್ಜಿ ಅವಳ ಬೆನ್ನು ಸವರಿ, "ಅಳಬೇಡ ಕಣೇ, ಸಂಡಿಗೆಯಂತೂ ಗರಿಗರಿಯಾಗಿ ಒಣಗಿದೆ" ಎಂದಳು.

ಸೋರೆಬಳ್ಳಿ

ಕೊನೆಗೆ ಅಜ್ಜಿಯ ಮಾತೇ ನಡೆಯಿತು. ತಗಡು ಇಳಿಸಿದ ಗಳಗಳ ಮೇಲೆ ಸೋರೆಬಳ್ಳಿ ಹಬ್ಬಿಸಿದಳು. ಚಪ್ಪರ ತುಂಬ ಎಲೆ, ಎಲೆಗಳ ನಡುವೆ ಎಳೆಯ ಕಾಯಿ. ದೃಷ್ಟಿ ತಾಗದಿರಲೆಂದು ಒಂದು ಹಳೆಯ ಚಪ್ಪಲಿಯನ್ನೂ ಕಟ್ಟಿದಳು. ಬೀಗರು ಬರುವ ದಿನ ಬೆಳಿಗ್ಗೆ ಅಪ್ಪ, "ದೊಡ್ಡೋರ ತಲೆ ಮೇಲೆ ಚಪ್ಪಲೀನಾ?" ಎಂದುಕೊಂಡು ಅಜ್ಜಿಗೆ ತಿಳಿಯದಂತೆ ಅದನ್ನು ಬಿಚ್ಚಿ ಎಸೆದರು.

ಬೈರಕೂರಿನವರು ಬಂದು ತಣ್ಣಗೆ ಕೂತರು. ಹುಡುಗನ ತಾಯಿ ಮೇಲೆ ನೋಡಿ, "ಅಬ್ಬಾ, ಎಷ್ಟು ಕಾಯಿ ಬಿಟ್ಟಿದೆಯಮ್ಮಾ!" ಎಂದರು. ಅಜ್ಜಿ ತಟ್ಟನೆ ಕತ್ತೆತ್ತಿದಳು. ನೋಡುತ್ತಾಳೆ, ಚಪ್ಪಲಿಯಿಲ್ಲ!

ಎಲ್ಲರೂ ಹುಡುಗಿಯನ್ನು ನೋಡಲು ಒಳಗೆ ಬಂದರು, ಅಜ್ಜಿ ಮಾತ್ರ ಸ್ವಲ್ಪ ತಡವಾಗಿ ಬಂದಳು. ತಂಗಿ ತಲೆ ಎತ್ತಲಿಲ್ಲ, ಹುಡುಗ ತಲೆ ತಗ್ಗಿಸಲಿಲ್ಲ. ಎಲ್ಲ ಸುಸೂತ್ರವಾಯಿತೆಂದು ಅಪ್ಪ ಉಸಿರುಬಿಟ್ಟರು.

ಹೊರಡುವಾಗ ಹುಡುಗನ ತಂದೆಗೆ ಒಂದು ಚಪ್ಪಲಿ ಸಿಗಲಿಲ್ಲ. ಜಗಲಿಯ ಕೆಳಗೆ, ಚರಂಡಿಯ ಬದಿಗೆ, ಎಲ್ಲ ಕಡೆ ಹುಡುಕಿದೆವು. ಆಮೇಲೆ ಅವರೇ ಕತ್ತೆತ್ತಿದರು. ಎರಡು ಸೋರೆಕಾಯಿಗಳ ನಡುವೆ ಅದು ನೇತಾಡುತ್ತಿತ್ತು.

"ಇದಿ ನಾ ಚೆಪ್ಪು ಕದಮ್ಮಾ!" ಎಂದರು, ಗಾಬರಿಗೆ ಮನೆಮಾತು ತೆಲುಗೇ ಬಾಯಿಗೆ ಬಂದಿತ್ತು.

ಅಪ್ಪನ ಮುಖ ಬಿಳಿಚಿತು. ಬಾಗಿಲ ಹಿಂದೆ ತಂಗಿಯ ಬಳೆ ಸದ್ದು ನಿಂತಿತು. ಅಜ್ಜಿ ಮಾತ್ರ, "ನಿಮ್ದಾ? ಅಷ್ಟು ಸವೆದಿತ್ತಲ್ಲಪ್ಪಾ, ಯಾರೋ ಬಿಸಾಕಿ ಹೋಗಿದಾರೆ ಅಂದ್ಕೊಂಡೆ" ಎಂದಳು.

"ಹೊಸದು ತಗೊಳ್ಳಿ ಅಂತ ನಾನು ಎಷ್ಟು ಬಡ್ಕೊಂಡೆ!" ಎಂದು ಹುಡುಗನ ತಾಯಿ ಗಂಡನನ್ನು ತಿವಿದರು.

ಆತ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಬಿಚ್ಚಲು ಓಡಿದ ಅಪ್ಪನನ್ನು ತಡೆದು, "ಬಿಡಿ ಬೀಗರೇ, ಮದುವೆವರೆಗೂ ಅಲ್ಲೇ ಇರ್ಲಿ. ನನ್ನ ಸೊಸೆ ಮನೆ ಚಪ್ಪರಕ್ಕೆ ಯಾರ ಕಣ್ಣೂ ಬೀಳಬಾರ್ದು" ಎಂದರು.

ಬೀಗರೇ ಎಂದದ್ದನ್ನು ಕೇಳಿ ನನಗೆ ಕುಣಿಯುವಷ್ಟು ಸಂತೋಷವಾಯಿತು. ಅಪ್ಪ ಕಣ್ಣೊರೆಸಿಕೊಂಡರು.

ಅಜ್ಜಿ ಮೆಟ್ಟಿಲಿಳಿದು ಕೈ ಚಾಚಿದಳು. "ಹಾಗಾದ್ರೆ ಇನ್ನೊಂದೂ ಕೊಟ್ಟುಹೋಗಪ್ಪಾ. ಹಿತ್ತಲಲ್ಲಿ ಕುಂಬಳಬಳ್ಳಿ ಇದೆ."